ಮಗಳ ಅರ್ಜಿ

ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ನೇಕಾರರ ಬದುಕನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಆದರೆ ಬರೆಯಲು ಕುಳಿತಾಗ ಮಗ್ಗದ ವೈಭವವಾಗಲಿ, ಚೌಡೇಶ್ವರಿಯ ಅಲಗು ಸೇವೆಯಾಗಲಿ ಲೇಖನಿಗೆ ಬರಲಿಲ್ಲ. ಈ ವರ್ಷ ನಮ್ಮ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆದದ್ದು ಒಂದೇ ಮಾತು: ಮಗಳ ಅರ್ಜಿ. ಅವಳು ಅಭಿವೃದ್ಧಿ ಅಧ್ಯಯನ ಎಂಬ ವಿಷಯದಲ್ಲಿ ಎಂ.ಎ. ಪದವಿಗೆ ಅರ್ಜಿ ಸಲ್ಲಿಸಿದ್ದಾಳೆ. ಆದ್ದರಿಂದ ಅದನ್ನೇ ಬರೆಯುತ್ತಿದ್ದೇವೆ, ಸಂಪಾದಕರು ಕ್ಷಮಿಸಬೇಕು.

ಈ ಲೇಖನದಲ್ಲಿ ‘ನಾವು’ ಎಂದರೆ ದಂಪತಿಗಳಿಬ್ಬರು. ಒಬ್ಬರು ಮಗ್ಗದಲ್ಲಿ ಕೂರುವವರು, ಇನ್ನೊಬ್ಬರು ಕಂಡಿಕೆ ಸುತ್ತುವವರು. ಲೇಖನಿ ಹಿಡಿದವರು ಒಬ್ಬರಾದರೂ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಇನ್ನೊಬ್ಬರ ಒಪ್ಪಿಗೆ ಪಡೆದೇ ಮುಂದುವರಿದಿದ್ದೇವೆ. ಒಪ್ಪಿಗೆ ಸಿಗದ ಎರಡು ಪುಟಗಳನ್ನು ಹರಿದು ಹಾಕಿದ್ದೂ ಉಂಟು.

ಮಡತ್ತುಕುಳಂ ಬಸ್ ನಿಲ್ದಾಣದ ಸಮೀಪ ಒಂದು ಬ್ರೌಸಿಂಗ್ ಸೆಂಟರ್ ಇದೆ. ಪಡಿತರ ಚೀಟಿಯ ತಿದ್ದುಪಡಿಯಿಂದ ರೈಲ್ವೆ ಟಿಕೆಟ್ಟಿನವರೆಗೆ ಎಲ್ಲವೂ ಅಲ್ಲೇ. ಮೊದಲ ಅರ್ಜಿಯನ್ನು ಅಲ್ಲಿಯೇ ತುಂಬಿಸಿದೆವು. ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಒಳ್ಳೆಯವನು, ಕೈಚುರುಕು. ಹೆಸರು, ಹುಟ್ಟಿದ ದಿನ, ಅಂಕಪಟ್ಟಿ ಎಲ್ಲವನ್ನೂ ಕ್ಷಣದಲ್ಲಿ ಮುಗಿಸಿ, ಮಾತೃಭಾಷೆ ಎಂಬಲ್ಲಿ ಕೇಳದೆಯೇ ‘ತಮಿಳು’ ಎಂದು ಆರಿಸಿದ. ಮಗಳು ತಡೆದಳು. ಆತ ಆಶ್ಚರ್ಯದಿಂದ ಅವಳ ಮುಖ ನೋಡಿ, ಪಟ್ಟಿಯಲ್ಲಿ ಕೆಳಗಿಳಿದು ‘ಕನ್ನಡ’ವನ್ನು ಹುಡುಕಿ ಒತ್ತಿದ. ಒತ್ತಿದ್ದೇ ತಡ, ಅದರ ಪಕ್ಕದಲ್ಲಿ ಮೂರು ಚೌಕಗಳು ತೆರೆದುಕೊಂಡವು: ಓದಲು ಬರುತ್ತದೆಯೇ, ಬರೆಯಲು ಬರುತ್ತದೆಯೇ, ಮಾತನಾಡಲು ಬರುತ್ತದೆಯೇ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಿರುಗಿ, “ಅಪ್ಪಾ, ಮಾತೃಭಾಷೆ ಅಂತ ಹಾಕ್ಬಿಟ್ಟು ಓದಕ್ಕೆ ಬರಲ್ಲ ಅಂತ ಹೆಂಗೆ ಹಾಕೋದು?” ಎಂದು ಕೇಳಿದಳು. ನಮ್ಮ ಬಳಿ ಉತ್ತರವಿರಲಿಲ್ಲ. ಮೂರನೆಯ ಚೌಕಕ್ಕೆ ಮಾತ್ರ ಗುರುತು ಬಿತ್ತು. ಉಳಿದೆರಡು ಖಾಲಿ ಚೌಕಗಳನ್ನು ಮನೆಗೆ ಹೊತ್ತು ತಂದೆವು.

ಸಂಚಿಕೆಯ ಓದುಗರಲ್ಲಿ ಹೆಚ್ಚಿನವರು ಕನ್ನಡ ನಾಡಿನಿಂದ ಉದ್ಯೋಗಕ್ಕಾಗಿ ಬಂದು ಕೊಯಮತ್ತೂರು ಸೀಮೆಯಲ್ಲಿ ನೆಲೆಸಿದವರು. ನಮ್ಮ ಕಥೆ ಬೇರೆ. ನಾವು ಬಂದವರಲ್ಲ, ಯಾವ ತಲೆಮಾರಿನಲ್ಲಿ ಬಂದೆವೆಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲದಷ್ಟು ಕಾಲದಿಂದ ಇಲ್ಲಿದ್ದೇವೆ. ಕೊಯಮತ್ತೂರು, ಪೊಳ್ಳಾಚಿ, ನೆಗಮಂ, ಉಡುಮಲೈಪೇಟೆಗಳ ದೇವಾಂಗ ಮನೆಗಳಲ್ಲಿ ಇಂದಿಗೂ ಮಗ್ಗದ ಮಾತು, ಜಗಳದ ಮಾತು, ತೊಟ್ಟಿಲ ಮಾತು ಕನ್ನಡವೇ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ಒಂದು ತಾಲೂಕಾಗಿತ್ತೆಂಬುದನ್ನು ಇಂದಿನ ಮಕ್ಕಳು ನಂಬುವುದಿಲ್ಲ. ಅಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ನಾವು ಅಮರಾವತಿಯ ದಡದಲ್ಲಿಯೇ ಉಳಿದೆವು. ನಮ್ಮ ಊರಿನ ಸಮೀಪದಲ್ಲೇ ಕಣ್ಣಾಡಿಪುತ್ತೂರು ಎಂಬ ಗ್ರಾಮವಿದೆ. ಆ ಹೆಸರು ಕನ್ನಡಿಯದೋ ಕನ್ನಡದ್ದೋ ಎಂದು ನಮ್ಮ ಹಿರಿಯರು ಹಬ್ಬದ ದಿನಗಳಲ್ಲಿ ಊಟವಾದ ಮೇಲೆ ವಾದಕ್ಕೆ ಕೂರುತ್ತಿದ್ದರು. ತಮಿಳು ಬಲ್ಲ ನೆರೆಯವರು ಕನ್ನಡಿ ಎನ್ನುತ್ತಿದ್ದರು. ನಮ್ಮವರು ಸೋಲೊಪ್ಪುತ್ತಿರಲಿಲ್ಲ.

ಮಾತು ಉಳಿಯಿತು, ಅಕ್ಷರ ಉಳಿಯಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ವ್ಯವಸ್ಥೆ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ತಾಳವಾಡಿಯಲ್ಲಿಯೂ ಹೊಸೂರಿನ ಕಡೆಯೂ ಕನ್ನಡ ಶಾಲೆಗಳಿವೆ. ಆದರೆ ಒಂದು ಬೀದಿಯಲ್ಲಿ ಹತ್ತು ಮನೆ, ಇನ್ನೊಂದರಲ್ಲಿ ನಾಲ್ಕು ಮನೆಯಾಗಿ ಚದುರಿದ ನಮ್ಮಂಥವರಿಗೆ ಯಾರು ಶಾಲೆ ತೆರೆಯಬೇಕು? ನಾವೂ ಕೇಳಲಿಲ್ಲವೆಂಬುದು ಸತ್ಯ. ನಮ್ಮಲ್ಲೊಬ್ಬರು ಯೌವನದಲ್ಲಿ ಎಂಟು ವರ್ಷ ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ರೇಷ್ಮೆ ಮಗ್ಗದ ಕೆಲಸಕ್ಕಿದ್ದು, ಅಂಗಡಿಯ ಫಲಕಗಳನ್ನೂ ಬಸ್ಸಿನ ಬೋರ್ಡುಗಳನ್ನೂ ಗುರುವಾಗಿಸಿಕೊಂಡು, ಬಳಿಕ ವಾಚನಾಲಯದ ಪತ್ರಿಕೆಗಳನ್ನು ಓದುತ್ತ ಕನ್ನಡ ಬರಹ ಕಲಿತರು. ಊರಿಗೆ ಮರಳಿದ ಮೇಲೆ ಆ ವಿದ್ಯೆಯನ್ನು ಮಗಳಿಗೆ ದಾಟಿಸಲಿಲ್ಲ. ಪರೀಕ್ಷೆಗೆ ಬೇಕಾದ್ದು ತಮಿಳು ಮತ್ತು ಇಂಗ್ಲಿಷ್; ಮೂರನೆಯದನ್ನು ಹೊರಿಸುವುದೇಕೆ ಎಂದು ಅಂದುಕೊಂಡೆವು. ಹಾಗೆ ಅಂದುಕೊಂಡವರು ನಾವಿಬ್ಬರೂ.

ಮಗಳು ಉಡುಮಲೈಪೇಟೆಯಲ್ಲಿ ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿದಳು. ಬಂಧುಗಳ ಲೆಕ್ಕದಲ್ಲಿ ಅವಳ ಮುಂದೆ ಮೂರು ದಾರಿಗಳಿದ್ದವು: ಬಿ.ಎಡ್., ಬ್ಯಾಂಕ್ ಪರೀಕ್ಷೆ, ಇಲ್ಲವೇ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮದುವೆ ಎಂಬ ನಾಲ್ಕನೆಯ ದಾರಿಯನ್ನು ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಕಣ್ಣಲ್ಲಿತ್ತು. ಅವಳು ಅಭಿವೃದ್ಧಿ ಅಧ್ಯಯನ ಎಂದಾಗ ಅವಳ ಸೋದರಮಾವ, “ಅಭಿವೃದ್ಧಿ ಅಂದ್ರೆ ಮಾಡೋದು ಭಾವ, ಓದೋದು ಏನು ಬಂತು?” ಎಂದು ಕೇಳಿಬಿಟ್ಟರು. ನಾವು ನಕ್ಕರೂ ಅದೇ ಪ್ರಶ್ನೆ ನಮ್ಮೊಳಗೂ ಇತ್ತು.

ಮಗಳು ವಿವರಿಸಿದ್ದನ್ನೂ ನಾವು ತಿಳಿದುಕೊಂಡದ್ದನ್ನೂ ಇಲ್ಲಿ ಸೇರಿಸಿ ಹೇಳುತ್ತೇವೆ, ಏಕೆಂದರೆ ಓದುಗರ ಮನೆಯಲ್ಲಿಯೂ ನಾಳೆ ಈ ಪ್ರಶ್ನೆ ಏಳಬಹುದು. ಎರಡನೆಯ ಮಹಾಯುದ್ಧದ ತರುವಾಯ ವಸಾಹತುಗಳು ಸ್ವತಂತ್ರವಾದಾಗ, ಬಡತನವೆಂದರೇನು, ಒಂದು ದೇಶ ಅದರಿಂದ ಹೊರಬರುವುದು ಹೇಗೆ ಎಂಬುದೇ ಒಂದು ವಿದ್ಯಾಶಾಖೆಯಾಯಿತು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ ಎಲ್ಲವೂ ಅದರಲ್ಲಿ ಸೇರಿಕೊಂಡವು. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ 1966ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತು. ಚೆನ್ನೈಯಲ್ಲಿ ಮಾಲ್ಕಂ ಆದಿಶೇಷಯ್ಯನವರು 1971ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಮರುವರ್ಷ ಬೆಂಗಳೂರಿನಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯನ್ನು ಸ್ಥಾಪಿಸಿದರು. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಅದೇ ರಾವ್ ಅವರು. ಇಂದು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಮೊದಲಾದೆಡೆ ಈ ವಿಷಯದಲ್ಲಿ ಸ್ನಾತಕೋತ್ತರ ಪದವಿ ಉಂಟು. ನಮಗೆ ಹತ್ತಿರದಲ್ಲಿ, ದಿಂಡಿಗಲ್ ದಾರಿಯಲ್ಲಿ, ಗಾಂಧಿಗ್ರಾಮದ ಗ್ರಾಮೀಣ ವಿದ್ಯಾಸಂಸ್ಥೆ ಇದೆ. ಕನ್ನಡದಲ್ಲಿಯೇ ಈ ಚಿಂತನೆಯನ್ನು ಬೆಳೆಸಬೇಕೆಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಭಿವೃದ್ಧಿ ಅಧ್ಯಯನಕ್ಕೆ ಒಂದು ವಿಭಾಗವನ್ನೇ ಇರಿಸಿದೆ. ಈ ಸಂಗತಿ ತಿಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಮಗಳು ಮಾತ್ರ, “ಅಲ್ಲಿ ನಾನು ಪರೀಕ್ಷೆ ಹೆಂಗೆ ಬರೆಯೋದು?” ಎಂದಳು. ಮತ್ತೆ ಆ ಎರಡು ಖಾಲಿ ಚೌಕಗಳು.

ಒಂದು ರಾತ್ರಿ ಅವಳಿಗೆ ಡಿ.ಎಂ. ನಂಜುಂಡಪ್ಪ ಸಮಿತಿಯ ವಿಷಯ ಹೇಳಿದೆವು. ಕರ್ನಾಟಕದ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲೂಕುಗಳು ಹಿಂದುಳಿದಿವೆಯೆಂದು ಆ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಪತ್ರಿಕೆಯಲ್ಲಿ ಓದಿದ್ದ ಈ ಅಂಕಿಗಳು ನಮ್ಮಲ್ಲೊಬ್ಬರ ನೆನಪಿನಲ್ಲಿ ಉಳಿದಿದ್ದವು. ಅವಳು ಕೇಳಿದ್ದು ಬೇರೆ: “ತಾಲೂಕನ್ನ ಅಳೀಬಹುದು, ಮನೆಯೊಳಗೆ ಅಳೆಯೋರು ಯಾರು?” ಆಗ ಅದು ಹುಡುಗಿಯ ಚುರುಕು ಮಾತೆಂದು ಬಿಟ್ಟುಬಿಟ್ಟೆವು.

ಅರ್ಜಿಯೆಂದರೆ ಬರಿಯ ಅರ್ಜಿಯಲ್ಲ. ಮನೆಯಲ್ಲಿದ್ದ ಜಾತಿ ಪ್ರಮಾಣಪತ್ರ ರಾಜ್ಯ ಸರ್ಕಾರದ್ದು. ಕೇಂದ್ರದ ಸಂಸ್ಥೆಗಳಿಗೆ ಅದು ಸಲ್ಲದು. ಇತರೆ ಹಿಂದುಳಿದ ವರ್ಗ, ಕೆನೆಪದರಕ್ಕೆ ಸೇರಿದವರಲ್ಲ ಎಂಬ ಬೇರೆಯೇ ನಮೂನೆಯ ಪತ್ರ ಬೇಕು, ಅದೂ ಹೊಸದಾಗಿ ಪಡೆದದ್ದಾಗಿರಬೇಕು. ಕೆನೆಪದರದ ಮಿತಿ ವಾರ್ಷಿಕ 8 ಲಕ್ಷ ರೂಪಾಯಿ. ಹಾಲಿಗೇ ತತ್ವಾರವಿರುವ ಮನೆಯಲ್ಲಿ ಕೆನೆಯಿಲ್ಲವೆಂದು ಸಾಬೀತುಪಡಿಸಲು ಒಂದು ಕಚೇರಿಗೆ ಐದು ಸಲ ಅಲೆದೆವು. ನೇಕಾರನ ಆದಾಯವನ್ನು ಯಾವ ಕಾಗದದಿಂದ ತೋರಿಸುವುದು? ಕೂಲಿ ಚೀಟಿಯೊಂದೇ ನಮ್ಮ ಕಾಗದ. ಕೊನೆಗೆ ಪತ್ರ ಸಿಕ್ಕಿತು. ಅಲ್ಲಿ ಮೇಜಿನ ಆಚೆ ಕುಳಿತವರ ಬಗ್ಗೆ ಇಲ್ಲಿ ಬರೆದು ಸಮ್ಮೇಳನದ ಸಂಭ್ರಮ ಕೆಡಿಸುವುದಿಲ್ಲ.

ನಿಜವಾದ ತೊಡಕು ಬಂದದ್ದು ಉದ್ದೇಶ ಪತ್ರದಲ್ಲಿ. ಈ ಪದವಿಯನ್ನು ಏಕೆ ಓದಬಯಸುತ್ತೀರಿ ಎಂದು ವಿದ್ಯಾರ್ಥಿ ತನ್ನ ಮಾತಿನಲ್ಲಿ ಒಂದು ಪುಟ ಬರೆಯಬೇಕು. ಮಗಳ ಮೊದಲ ಬರಹ ತುಂಬ ಸೊಗಸಾಗಿತ್ತು. ಅಮರ್ತ್ಯ ಸೇನ್ ಅವರ ಹೆಸರಿತ್ತು, 1990ರಲ್ಲಿ ಬಂದ ಮಾನವ ಅಭಿವೃದ್ಧಿ ಸೂಚ್ಯಂಕವಿತ್ತು, ಬಡವರಿಗಾಗಿ ದುಡಿಯುವ ಹಂಬಲವಿತ್ತು. ಅವಳು ತಮಿಳಿನಲ್ಲಿ ಅರ್ಥ ಹೇಳುತ್ತ ಓದಿದಾಗ ಕಂಡಿಕೆ ಸುತ್ತುತ್ತಿದ್ದವರು ರಾಟೆ ನಿಲ್ಲಿಸಿ, “ಯಾರು ಕಣೇ ಆ ಬಡವರು?” ಎಂದು ಕೇಳಿದರು. ಮಗಳು ಉತ್ತರಿಸಲಿಲ್ಲ. ಆ ರಾತ್ರಿ ಆ ಪುಟ ಹೋಯಿತು.

ಎರಡನೆಯ ಬರಹದಲ್ಲಿ ನಮ್ಮ ಮನೆ ಇತ್ತು. ಹಳೆಯ ಗುಂಡಿಮಗ್ಗ, ಐಪ್ಪಸಿ ತಿಂಗಳ ಮಳೆಯಲ್ಲಿ ಆ ಗುಂಡಿಗೆ ನೀರು ಜಿನುಗಿ ಕೆಲಸ ನಿಲ್ಲುವುದು, ವಿದ್ಯುತ್ ಮಗ್ಗದ ಸೀರೆ ಕೈಮಗ್ಗದ ಹೆಸರಿನಲ್ಲಿ ಮಾರಾಟವಾಗುವುದು, ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ, ಆ ಪಟ್ಟಿ 22ರಿಂದ 11ಕ್ಕೆ ಇಳಿದದ್ದು. ನಾಲ್ಕನೆಯ ಕೈಮಗ್ಗ ಗಣತಿಯ ಅಂಕಿಗಳೂ ಇದ್ದವು. 2009-10ರಲ್ಲಿ ದೇಶದಲ್ಲಿ 43.31 ಲಕ್ಷವಿದ್ದ ಕೈಮಗ್ಗದ ಕೆಲಸಗಾರರು 2019-20ರ ಹೊತ್ತಿಗೆ 35.22 ಲಕ್ಷಕ್ಕೆ ಇಳಿದಿದ್ದರು. ಇವರಲ್ಲಿ 26.73 ಲಕ್ಷ ಮಂದಿ ನೇಯುವವರು, ಉಳಿದ 8.48 ಲಕ್ಷ ಮಂದಿ ಕಂಡಿಕೆ ಸುತ್ತುವುದು, ಹಾಸು ಹೂಡುವುದು ಮುಂತಾದ ಪೂರಕ ಕೆಲಸದವರು. ಅಲ್ಲಿಗೆ ಬಂದು ಮಗಳು ನಿಂತಳು. “ಅವ್ವಾ, ಈ ಎಂಟೂವರೆ ಲಕ್ಷದಲ್ಲಿ ನೀನಿದ್ದೀಯಾ?”

ಇದ್ದಾರೆಯೇ? ಗಣತಿಯವರು ಬಂದ ದಿನ ನೆನಪಾಯಿತು. ಜಗಲಿಯಲ್ಲಿ ನಿಂತು ಉತ್ತರ ಕೊಟ್ಟವರು ನಮ್ಮಲ್ಲಿ ಗಂಡಸು. ಮನೆಯಾಕೆ ಏನು ಮಾಡುತ್ತಾರೆಂದು ಕೇಳಿದ್ದಕ್ಕೆ ‘ಮನೆಗೆಲಸ’ ಎಂದು ಹೇಳಿ ಕಳುಹಿಸಿದ್ದೆವು. ಬಂದವರ ತಪ್ಪೇನೂ ಇಲ್ಲ. ಅವರು ಹೇಳಿದ್ದನ್ನು ಬರೆದುಕೊಂಡರು. ಕೂಲಿ ಚೀಟಿಯಲ್ಲಿ ಒಂದೇ ಹೆಸರು, ಪುಸ್ತಕದಲ್ಲಿ ಒಂದೇ ಹೆಸರು. ಇಪ್ಪತ್ತೈದು ವರ್ಷ ಎರಡು ಜೋಡಿ ಕೈಗಳು ನೇಯ್ದ ಸೀರೆ ಒಬ್ಬರ ಲೆಕ್ಕಕ್ಕೆ ಸೇರುತ್ತ ಬಂದಿತ್ತು. ಇದನ್ನು ಬರೆಯುವಾಗ ಲೇಖನಿ ಹಿಡಿದವರ ಕೈ ಸ್ವಲ್ಪ ನಿಂತಿತು. ಪಕ್ಕದಲ್ಲಿ ಕುಳಿತವರು, “ಬರೀರಿ, ಪರವಾಗಿಲ್ಲ” ಎಂದರು.

ಅಂದು ಮಾತ್ರ ‘ಪರವಾಗಿಲ್ಲ’ ಎನ್ನಲಿಲ್ಲ. ಮನೆಯ ವಿಷಯವನ್ನೆಲ್ಲ ಊರೂರಿನವರ ಮುಂದೆ ಇಡುವುದೇ ಎಂದು ದೊಡ್ಡ ಜಗಳವಾಯಿತು. “ನಮ್ಮ ಬಡತನಾನ ಮಾರಿ ಸೀಟು ತಗೋಬೇಕಾ? ನಾನು ಕಂಡಿಕೆ ಸುತ್ತಿದ್ದು ನಿನಗೋಸ್ಕರ, ನೀನು ಬರೆದು ತೋರಿಸಲಿ ಅಂತ ಅಲ್ಲ” ಎಂದು ತಾಯಿ ಎದ್ದು ಒಳಗೆ ಹೋದರು. ಆ ಮಾತಿನಲ್ಲಿ ನ್ಯಾಯವಿತ್ತು. ಅಭಿವೃದ್ಧಿಯ ಹೆಸರಿನಲ್ಲಿ ನಮ್ಮಂಥವರ ಮನೆಗೆ ಕ್ಯಾಮೆರಾ ಹಿಡಿದು ಬಂದವರನ್ನು ಕಂಡಿದ್ದೇವೆ. ಮಗ್ಗದ ಮುಂದೆ ನಿಲ್ಲಿಸಿ, ನಗಬೇಡಿ ಎಂದು ಹೇಳಿ ಚಿತ್ರ ತೆಗೆದವರೂ ಉಂಟು. ಈಗ ಹೆತ್ತ ಮಗಳೇ ಅದನ್ನು ಮಾಡುವುದೇ? ಎರಡು ದಿನ ಮನೆಯಲ್ಲಿ ಅರ್ಜಿಯ ಮಾತಿಲ್ಲ. ಅರ್ಜಿಯ ಕೊನೆಯ ದಿನಕ್ಕೆ ಹನ್ನೊಂದು ದಿನಗಳಷ್ಟೇ ಉಳಿದಿದ್ದವು.

ಮೂರನೆಯ ದಿನ ಮಗಳು ಒಂದು ನೋಟುಬುಕ್ಕು ತಂದು ತಾಯಿಯ ರಾಟೆಯ ಪಕ್ಕದಲ್ಲಿಟ್ಟಳು. ಬಡತನವನ್ನು ಬರೆಯುವುದಿಲ್ಲ, ಗಂಟೆಯನ್ನು ಮಾತ್ರ ಬರೆಯುತ್ತೇನೆ, ಅದನ್ನೂ ನೀನೇ ಬರೆದುಕೊಡು ಎಂದಳು. ಹೊತ್ತು ಹೊತ್ತಿಗೆ ಏನು ಮಾಡಿದೆ, ಎಷ್ಟು ಹೊತ್ತು ಮಾಡಿದೆ, ಅಷ್ಟೇ. ತಾಯಿ ಓದಿದ್ದು ಐದನೆಯ ತರಗತಿ, ತಮಿಳಿನಲ್ಲಿ. ಮೊದಲ ದಿನದ ಪುಟ ಇಂದಿಗೂ ನಮ್ಮ ಬಳಿ ಇದೆ. ತಮಿಳು ಲಿಪಿಯಲ್ಲಿ ಕನ್ನಡ! ತಮಿಳಿನಲ್ಲಿ ‘ಕ’ಕ್ಕೂ ‘ಗ’ಕ್ಕೂ ಒಂದೇ ಅಕ್ಷರ, ಹಾಗಾಗಿ ನಮ್ಮ ‘ಗಂಟೆ’ ಅವರ ಬರಹದಲ್ಲಿ ‘ಕಂಟೆ’ಯಂತೆ ಕಾಣುತ್ತದೆ. ಆದರೆ ಓದಿದರೆ ಅಚ್ಚ ನಮ್ಮ ಮನೆಮಾತು. ಆ ಮಾತನ್ನು ಬರಹದಲ್ಲಿ ನಾವು ಕಂಡದ್ದು ಅದೇ ಮೊದಲು. ಮೊದಲೆರಡು ದಿನ ಹಲವು ಸಾಲುಗಳಲ್ಲಿ ‘ಸುಮ್ನೆ ಕೂತಿದ್ದೆ’ ಎಂದಿತ್ತು. ಆ ಹೊತ್ತಿನಲ್ಲಿ ಕೈಯಲ್ಲಿ ಏನಿತ್ತು ಎಂದು ಮಗಳು ಕೇಳಿದಾಗ, ನೂಲಿತ್ತು ಎಂಬ ಉತ್ತರ ಬಂತು. ಸುಮ್ಮನೆ ಕೂತಿದ್ದೆ ಎಂದರೆ ಕಡಿದ ಎಳೆ ಜೋಡಿಸುತ್ತಿದ್ದೆ ಎಂದು ಅರ್ಥ! ಏಳು ದಿನಗಳನ್ನು ಕೂಡಿಸಿದಾಗ ಮನೆಗೆಲಸ ಬಿಟ್ಟು ನೂಲಿನ ಕೆಲಸವೇ 38 ಗಂಟೆಯಾಯಿತು. ಆ ವಾರ ಮಗ್ಗದಿಂದ ಇಳಿದದ್ದು ನಾಲ್ಕು ಸೀರೆ.

ಉದ್ದೇಶ ಪತ್ರದಲ್ಲಿ ಕೊನೆಗೆ ಉಳಿದದ್ದು ಇಷ್ಟೇ: ಒಂದು ವಾರ, ಒಂದು ಮಗ್ಗ, ನಾಲ್ಕು ಸೀರೆ, 38 ಗಂಟೆ, ಮತ್ತು ಈ ಗಂಟೆಗಳು ಯಾವ ಪಟ್ಟಿಯಲ್ಲಿ ಸೇರುತ್ತವೆಂದು ಕಲಿಯಬೇಕೆಂಬ ಒಂದು ವಾಕ್ಯ. ತಾಯಿಯ ಒಪ್ಪಿಗೆ ಪಡೆದು ಕಳುಹಿಸಿದಳು. ಒಪ್ಪಿಗೆ ಕೊಡುವಾಗ ಅವರು ಹಾಕಿದ ಷರತ್ತು ಒಂದೇ: ತಮ್ಮ ಹೆಸರು ಹಾಕಬೇಕು. ಹೆಸರು ಬೇಡವೆನ್ನುತ್ತಾರೆಂದು ನಾವು ಎಣಿಸಿದ್ದೆವು.

ಪ್ರವೇಶ ಪರೀಕ್ಷೆ ಮಾರ್ಚ್ ತಿಂಗಳಲ್ಲಿ, ಕೊಯಮತ್ತೂರಿನಲ್ಲಿ. ಬೆಳಗಿನ ಜಾವದ ಬಸ್ಸು ಹಿಡಿದು ಉಡುಮಲೈಪೇಟೆ, ಪೊಳ್ಳಾಚಿ ದಾಟಿ ಹೋದೆವು. ದಾರಿಯ ಬಯಲಿನಲ್ಲಿ ಗಾಳಿಯಂತ್ರಗಳು ಅಲುಗಾಡದೆ ನಿಂತಿದ್ದವು. ನಮ್ಮ ಸೀಮೆಗೆ ಪಾಲಕ್ಕಾಡು ಕಣಿವೆಯ ಗಾಳಿ ಜೋರಾಗುವುದು ಮುಂಗಾರು ತಿಂಗಳುಗಳಲ್ಲಿ. ಪರೀಕ್ಷೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಮಗಳು ಹೊರಬಂದಾಗ, ಬರೆದೆ, ಹಸಿವು ಎಂದಳು.

ಸಂದರ್ಶನವೊಂದು ಮನೆಯಿಂದಲೇ, ಮೊಬೈಲಿನ ಪರದೆಯ ಮೇಲೆ ನಡೆಯಿತು. ಸದ್ದಾಗಬಾರದೆಂದು ಅರ್ಧ ದಿನ ಮಗ್ಗ ನಿಲ್ಲಿಸಿ ನಾವಿಬ್ಬರೂ ಬಾಗಿಲ ಹಿಂದೆ ಕುಳಿತಿದ್ದೆವು. ಇಂಗ್ಲಿಷಿನಲ್ಲಿ ಮಾತುಕತೆ ಸಾಗುತ್ತಿದ್ದಾಗ ಇದ್ದಕ್ಕಿದ್ದಂತೆ ಒಬ್ಬ ಮಹನೀಯರು ಶುದ್ಧ ಕನ್ನಡದಲ್ಲಿ, “ನಿಮ್ಮ ಮಾತೃಭಾಷೆ ಕನ್ನಡ ಎಂದು ನಮೂದಿಸಿದ್ದೀರಿ. ಕನ್ನಡದಲ್ಲಿ ಮಾತನಾಡೋಣವೇ?” ಎಂದರು. ನಮ್ಮ ಎದೆ ಧಸಕ್ಕೆಂದಿತು. ಮಗಳು ನಮ್ಮ ಬೀದಿಯ ಕನ್ನಡದಲ್ಲಿಯೇ, ತಮಿಳು ಬೆರೆತದ್ದನ್ನು ತಿದ್ದದೆ ಮಾತನಾಡಿದಳು. ಕಂಡಿಕೆ ಎಂದರೇನೆಂದು ಅವರು ಕೇಳಿದರು. ಲಾಳಿಯೊಳಗೆ ಕೂರುವ, ಹೊಕ್ಕಿನ ನೂಲು ಸುತ್ತಿದ ಸಣ್ಣ ಕಡ್ಡಿ ಎಂದು ವಿವರಿಸಿದಳು. ಆಮೇಲೆ ಅವರು ಕೇಳಿದ್ದು: “ನಿಮ್ಮ ತಾಯಿಯವರು ಇದನ್ನು ಕೆಲಸ ಎಂದು ಕರೆಯುತ್ತಾರೆಯೇ?”

“ಇಲ್ಲ ಸರ್. ಸುಮ್ನೆ ಕೂತಿದ್ದೆ ಅಂತಾರೆ.”

ಬಾಗಿಲ ಹಿಂದೆ ಕುಳಿತವರಲ್ಲೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ ಎಂದು ಆಮೇಲೆ ಕೇಳಿದ್ದಕ್ಕೆ ಕೆಮ್ಮು ಬಂದಿತ್ತು ಎಂದರು.

ಅರ್ಜಿ ಹಾಕಿದ್ದು ಮೂರು ಕಡೆ. ಯಾವುವೆಂದು ಹೆಸರಿಸುವುದು ಉಚಿತವಲ್ಲ. ಒಂದು ಕಡೆ ಆಯ್ಕೆಯಾಗಲಿಲ್ಲ. ಇನ್ನೊಂದು ಕಡೆ ಸ್ಥಾನ ಸಿಕ್ಕಿದೆ, ಶುಲ್ಕದಲ್ಲಿ ವಿನಾಯಿತಿ ಇಲ್ಲ. ಅವಳಿಗೆ ಬಹಳ ಇಷ್ಟವಾದ ಮೂರನೆಯ ಕಡೆ, ಶುಲ್ಕದ ನೆರವೂ ದೊರೆಯಬಹುದಾದ ಕಡೆ, ನಿರೀಕ್ಷಣಾ ಪಟ್ಟಿಯಲ್ಲಿ ಒಂಬತ್ತನೆಯ ಹೆಸರು. ಸ್ಥಾನ ಸಿಕ್ಕ ಕಡೆ ಮುಂಗಡ ಕಟ್ಟಲು ಕೊನೆಯ ದಿನ ಬಂದಾಗ ಮೂರನೆಯ ಕಡೆಯ ಪಟ್ಟಿ ಅಲುಗಾಡಿರಲಿಲ್ಲ. ಕಟ್ಟಬೇಕೋ ಕಾಯಬೇಕೋ? ಕಟ್ಟಿದ ಹಣ ಮರಳಿ ಬರುವ ಭರವಸೆಯಿಲ್ಲ; ಕಟ್ಟದಿದ್ದರೆ ವರ್ಷವೇ ಹೋಗಬಹುದು. ಮಗಳು ಕಾಯುತ್ತೇನೆಂದಳು. ನಾವು ಒಪ್ಪಲಿಲ್ಲ. ತಾಳಿಯೊಂದನ್ನು ಬಿಟ್ಟು ಉಳಿದ ಎರಡೆಳೆ ಸರವನ್ನು ಅಡವಿಟ್ಟು ಮುಂಗಡ ಕಟ್ಟಿದೆವು. ಅಡವಿನ ಚೀಟಿಯಲ್ಲಿ ಯಾರ ಹೆಸರಿರಬೇಕೆಂದು ಅಂಗಡಿಯವರು ಕೇಳಿದಾಗ ಈ ಸಲ ಸರದ ಒಡತಿಯ ಹೆಸರನ್ನೇ ಬರೆಸಿದೆವು. ಸೋದರಮಾವ ಸುದ್ದಿ ತಿಳಿದು, “ಓದೋದಕ್ಕೆ ಇಷ್ಟು ದುಡ್ಡಾ, ಹಾಗಾದ್ರೆ ಮಾಡೋದಕ್ಕೆ ಎಷ್ಟು?” ಎಂದು ಕೇಳಿ, ಸಂಜೆ ಬಂದು ಐದು ಸಾವಿರ ರೂಪಾಯಿ ಕೈಯಲ್ಲಿಟ್ಟು ಹೋದರು.

ಈಗ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅಕ್ಷರಾಭ್ಯಾಸ ನಡೆಯುತ್ತಿದೆ. ಮಗಳಿಗಾಗಿ ಆರಂಭಿಸಿದ್ದು, ತಾಯಿಯೂ ಸೇರಿಕೊಂಡಿದ್ದಾರೆ. ತಮಿಳಿನಲ್ಲಿ ಒಂದೇ ಅಕ್ಷರವಿರುವಲ್ಲಿ ಇಲ್ಲಿ ನಾಲ್ಕು ಏಕೆ, ಇದು ನೂಲು ದಂಡವಲ್ಲವೇ ಎಂದು ಅವರ ತಕರಾರು. ಒತ್ತಕ್ಷರಕ್ಕೆ ಬಂದಾಗ ಇಬ್ಬರೂ ಮುಷ್ಕರ ಹೂಡಿದ್ದಾರೆ.

ನಿರೀಕ್ಷಣಾ ಪಟ್ಟಿಯ ಎರಡನೆಯ ಸುತ್ತು ಬರುವ ಶುಕ್ರವಾರ ಪ್ರಕಟವಾಗುತ್ತದೆ. ಅಂದೇ ನೂಲು ಕೊಡುವವರೂ ಬರುತ್ತಾರೆ. ಒಬ್ಬರು ಮನೆಯಲ್ಲಿದ್ದು ತೂಕ ನೋಡಿ ತೆಗೆದುಕೊಳ್ಳಬೇಕು, ಒಬ್ಬರು ಮಗಳ ಜೊತೆ ಬ್ರೌಸಿಂಗ್ ಸೆಂಟರಿಗೆ ಹೋಗಬೇಕು. ಯಾರು ಉಳಿಯುವುದು, ಯಾರು ಹೋಗುವುದು ಎಂಬುದು ಈ ಸಾಲು ಬರೆಯುವವರೆಗೆ ತೀರ್ಮಾನವಾಗಿಲ್ಲ.